ಹಗಲಿನ ಬಾಡಿಗೆ, ರಾತ್ರಿಯ ಪಾರಿಜಾತ

ಗೋಕಾಕ ಅಂದೊಡನೆ ನಮ್ಮ ಚಿತ್ರರಸಿಕರಿಗೆ ನೆನಪಾಗುವುದು 1982ರ ಚಳವಳಿ, ಅದರ ಮುಂದಾಳಾಗಿ ಊರೂರು ತಿರುಗಿದ ಡಾ. ರಾಜ್. ವರದಿಗೆ ಹೆಸರು ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಮಾತ್ರ ಸವಣೂರಿನಲ್ಲಿ! ಹಾಗಾದರೆ ಗೋಕಾಕದಲ್ಲಿ ಏನುಂಟು? ನೋಡಿಯೇ ಬಿಡೋಣವೆಂದು ಕಳೆದ ಶ್ರಾವಣದಲ್ಲಿ ಬೆಳಗಾವಿಯಿಂದ ಒಂದು ಕಾರು ಬಾಡಿಗೆಗೆ ಹಿಡಿದೆ. ಕರಾರು ಸರಳ. ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಎಂಟಕ್ಕೆ ವಾಪಸ್. ಮೀರಿದರೆ ತಾಸಿಗಿಷ್ಟು ಎಂದು ಜಾಸ್ತಿ ದುಡ್ಡು. ನನ್ನ ಜೇಬಿನಲ್ಲಿದ್ದದ್ದು ಲೆಕ್ಕದ ಹಣ.

ಡ್ರೈವರ್ ಕಾಕಾ ಹುಕ್ಕೇರಿ ಕಡೆಯವರು. "ಹೊಳಿ ಹಿಡಕೊಂಡ ಹೋಗೂಣ್ರಿ, ದಾರಿ ತಪ್ಪಂಗಿಲ್ಲ" ಅಂದರು. ಹಾಗೇ ಮಾಡಿದೆವು. ಮೊದಲು ಹಿಡಕಲ್ ಜಲಾಶಯ. 51 ಟಿಎಂಸಿ ಹಿಡಿಸುವ ಆ ಕಟ್ಟೆಯ ಹಿಂದೆ ಘಟಪ್ರಭೆ ಸಮುದ್ರದಂತೆ ಮಲಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಗೋಕಾಕ ಫಾಲ್ಸ್. ಅದೇ ನೀರು ಇಲ್ಲಿ ಕುದುರೆ ಲಾಳದ ಆಕಾರದ ಬಂಡೆಯಿಂದ 52 ಮೀಟರ್ ಕೆಳಕ್ಕೆ ಕೆಂಪಗೆ ಧುಮುಕುತ್ತದೆ. ಪಕ್ಕದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ಹೊಳೆಗೆ ಅಡ್ಡಲಾಗಿ 201 ಮೀಟರ್ ಉದ್ದದ ತೂಗುಸೇತುವೆ, ಆಚೆ ನೂಲಿನ ಗಿರಣಿ. 1887ರಲ್ಲೇ ಇಲ್ಲಿ ನೀರಿನಿಂದ ಕರೆಂಟು ತೆಗೆದರಂತೆ. ನಮ್ಮಲ್ಲಿ ಸಿನಿಮಾ ಇನ್ನೂ ಹುಟ್ಟೇ ಇರಲಿಲ್ಲ, ನೋಡಿ!

ಗೋಕಾಕ ಪೇಟೆಯಲ್ಲಿ ಕರದಂಟು ಕಟ್ಟಿಸಿಕೊಂಡು ಪಟ್ಟಿಯ ಕೊನೆಯ ಊರಿಗೆ ಹೊರಟೆವು. ಮೂಡಲಗಿ ಸೀಮೆಯ ಕುಲಗೋಡ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು. ಪಾರಿಜಾತದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನೂ ಇದೇ ಸೀಮೆಯವಳು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿಸಿಕೊಂಡಳು. ಕಥೆ ಇಷ್ಟೇ. ಆದರೆ ಬೆಳತನಕ ಜನ ಕದಲುವುದಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬನನ್ನು ಕೇಳಿದೆ, "ಅಜ್ಜಾರ, ಆಟ ಎಲ್ಲಿ ನೋಡಾಕ ಸಿಗತೈತಿ?"

ಅಜ್ಜ ನಕ್ಕ. "ಪಾರಿಜಾತ ನೋಡಾಕ ಹಗಲ ಬಂದೀಯೇನೋ ತಮ್ಮಾ? ರಾತ್ರಿ ಉಂಡ ಮ್ಯಾಲ ಸುರು ಆಗಿ ಕೋಳಿ ಕೂಗೂತನ ಆಡ್ತಾರ. ಈಗ ಕರಸಾವ್ರೂ ಕಡಿಮಿ, ಕಲಿಯಾವ್ರೂ ಕಡಿಮಿ."

ಗಡಿಯಾರದಲ್ಲಿ ಐದೂವರೆ. ಹೊರಡಬೇಕು. ಅಷ್ಟರಲ್ಲಿ ಅಜ್ಜ ಹೆಗಲ ಮೇಲಿನ ಟವೆಲ್ಲನ್ನು ಸೆರಗಿನಂತೆ ತಲೆಗೆ ಹೊದ್ದು, ಕತ್ತು ಕೊಂಕಿಸಿ, ಸಣ್ಣ ದನಿಯಲ್ಲಿ ಸತ್ಯಭಾಮೆಯ ಪದ ಎತ್ತಿಕೊಂಡ. ಹಲ್ಲಿಲ್ಲದ ಬಾಯಿ, ಆದರೆ ಆ ಬಿಂಕ! ಯಾವ ನಾಯಕಿಯೂ ನಾಚಬೇಕು. ಕಾಕಾ ಗಾಡಿಯ ಇಂಜಿನ್ ಬಂದ್ ಮಾಡಿ ಕಟ್ಟೆಗೆ ಬಂದು ಕೂತರು. ದೂತಿಯ ಮಾತುಗಳು ಅವರಿಗೆ ಬರುತ್ತಿದ್ದವು! ಚಿಕ್ಕಂದಿನಲ್ಲಿ ಕೇಳಿದ್ದಂತೆ. ಇಬ್ಬರೂ ಸೇರಿ ಅರ್ಧ ತಾಸು ಆಡಿಬಿಟ್ಟರು.

ಬೆಳಗಾವಿ ಮುಟ್ಟಿದಾಗ ಒಂಬತ್ತೂವರೆ. ಕಾಕಾ ಜಾಸ್ತಿ ದುಡ್ಡನ್ನು ಎಣಿಸಿಯೇ ತಗೊಂಡರು, ಕರಾರು ಕರಾರೇ. ಮರುದಿನ ನನ್ನ ತಿಂಡಿಗೆ ಕರದಂಟೇ ಗತಿ.

ಒಂದು ಹಾಡಿಗಾಗಿ ಸಮುದ್ರ ದಾಟುವ ನಮ್ಮ ನಿರ್ಮಾಪಕರೇ, ಒಂದು ರಾತ್ರಿ ಈ ಕಡೆ ಬನ್ನಿ. ಓದುಗರೇ, ನೀವೂ ಅಷ್ಟೆ. ಜಲಪಾತಕ್ಕೆ ಹಗಲು ಸಾಕು. ಪಾರಿಜಾತಕ್ಕೆ ಕಾರು ಬೇಡ, ಬಸ್ಸಿಗೆ ಹೋಗಿ, ಹೊದೆಯಲು ಒಂದು ಕಂಬಳಿ ಒಯ್ಯಿರಿ. ಅಜ್ಜ ಇರುವಾಗಲೇ ಹೋಗಿ.