ಮೂಸಿ ಕೊಳ್ಳಬೇಕಾದ ಗಡ್ಡೆ

2004ರಲ್ಲಿ ಲಂಡನ್ನಿನ ಒಂದು ಇಟಾಲಿಯನ್ ರೆಸ್ಟೋರೆಂಟಿನ ಗಿರಾಕಿಗಳು ಸೇರಿ ಹರಾಜಿನಲ್ಲಿ 28,000 ಪೌಂಡ್ ತೆತ್ತು ಬಿಳಿ ಟ್ರಫಲ್ ಒಂದನ್ನು ಕೊಂಡರು. ತೂಕ 850 ಗ್ರಾಂ. ಬಂದವರಿಗೆಲ್ಲ ಅದನ್ನು ತೋರಿಸಿ ಮೆರೆದದ್ದಾಯಿತು. ಆಮೇಲೆ ಬಾಣಸಿಗ ಅದನ್ನು ಫ್ರಿಜ್ಜಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನೂ ಜೇಬಿಗಿಳಿಸಿಕೊಂಡು ರಜೆಗೆ ಹೋದ. ಮರಳಿ ಬಂದು ಬಾಗಿಲು ತೆರೆದಾಗ ಗಡ್ಡೆ ಕೊಳೆತಿತ್ತು.

ನಗು ಬರುವ ಕಥೆಯೇ. ಆದರೆ ಟ್ರಫಲ್ ಕೊಳ್ಳುವವರು ತಿಳಿದಿರಬೇಕಾದ ಅರ್ಧ ಪಾಠ ಇದರಲ್ಲೇ ಇದೆ. ಇದು ಓಕ್, ಹೇಝಲ್‌ನಂಥ ಮರಗಳ ಬೇರಿನೊಂದಿಗೆ ಕೂಡಿ ಬಾಳುವ, ನೆಲದಡಿಯಲ್ಲೇ ಹುಟ್ಟಿ ಅಲ್ಲೇ ಮಾಗುವ ಅಣಬೆ. ಬೀಜಕಣ ಚೆಲ್ಲಲು ಇದಕ್ಕೆ ಗಾಳಿಯ ಸಹಾಯವಿಲ್ಲ; ಪ್ರಾಣಿಗಳು ಅಗೆದು ತಿನ್ನಬೇಕು. ಅವನ್ನು ಕರೆಯುವುದೇ ಆ ವಾಸನೆಯ ಕೆಲಸ. ದುಡ್ಡು ಕೊಡುವುದೂ ವಾಸನೆಗೇ. ಅಗೆದ ಗಳಿಗೆಯಿಂದ ಅದು ಹಾರಿಹೋಗುತ್ತಿರುತ್ತದೆ, ವಾರ ಹತ್ತು ದಿನದಲ್ಲಿ ಉಳಿಯುವುದು ದುಬಾರಿ ಕಟ್ಟಿಗೆಯ ತುಂಡು.

ಬೆಂಗಳೂರಿನಲ್ಲಿ ಟ್ರಫಲ್ ಅಂದರೆ ಬಹುಪಾಲು ಜನರಿಗೆ ಮೊದಲು ನೆನಪಾಗುವುದು ಚಾಕೊಲೇಟ್ ಕೇಕು. ಚಾಕೊಲೇಟ್ ಟ್ರಫಲ್‌ಗೂ ಅಣಬೆಗೂ ರೂಪದ ಹೋಲಿಕೆ ಬಿಟ್ಟರೆ ನೆಂಟಸ್ತಿಕೆಯಿಲ್ಲ. ಅದು ನಿರಪರಾಧಿ. ತಕರಾರು ಇರುವುದು ಮೆನುವಿನ ಇನ್ನೊಂದು ಮೂಲೆಯಲ್ಲಿ, ಟ್ರಫಲ್ ಫ್ರೈಸ್, ಟ್ರಫಲ್ ಪಿಜ್ಜಾ, ಟ್ರಫಲ್ ಪಾಪ್‌ಕಾರ್ನ್ ಎಂದು ಬರೆದಿರುವ ಕಡೆ. ತಟ್ಟೆ ಬರುವ ಮೊದಲೇ ಮೂಗಿಗೆ ಗುದ್ದುವ ಆ ಘಾಟು ಸಾಮಾನ್ಯವಾಗಿ ಬಾಟಲಿಯದು. ಬಿಳಿ ಟ್ರಫಲ್‌ನ ನೂರಾರು ಪರಿಮಳಗಳಲ್ಲಿ 2,4-ಡೈಥಯಾಪೆಂಟೇನ್ ಎಂಬ ಗಂಧಕದ ಸಂಯುಕ್ತ ಒಂದು. ಅದೊಂದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಎಣ್ಣೆಗೆ ಬೆರೆಸಿದರೆ ಟ್ರಫಲ್ ಎಣ್ಣೆ ಸಿದ್ಧ. ಪೂರ್ತಿ ಮೇಳದಿಂದ ತಾಳ ಒಂದನ್ನೇ ತಂದು ಕಿವಿಯ ಪಕ್ಕ ಬಾರಿಸಿದ ಹಾಗೆ. ಲೇಬಲ್ಲಿನಲ್ಲಿ ‘ಅರೋಮಾ’, ‘ಫ್ಲೇವರ್’ ಎಂಬ ಪದ ಕಂಡರೆ ಒಳಗಿರುವುದು ಇದೇ ಎಂದು ಧಾರಾಳವಾಗಿ ಊಹಿಸಬಹುದು. ತೇಲುತ್ತಿರುವ ಕರಿ ಚೂರುಗಳು ಬರೀ ಶೋಕಿಗೆ.

ಹಾಗಾದರೆ ನಿಜವಾದದ್ದು ಯಾವುದು? ಇಲ್ಲಿ ‘ಕಪ್ಪು’, ‘ಬಿಳಿ’ ಎಂಬ ಮಾತು ಸಾಲದು, ಲ್ಯಾಟಿನ್ ಹೆಸರು ಕೇಳಬೇಕು. ಇದು ಜಂಬವಲ್ಲ, ಜೇಬಿನ ರಕ್ಷಣೆ. ಇಟಲಿಯ 1985ರ ಕಾನೂನು ಒಂಬತ್ತು ಬಗೆಗಳನ್ನು ಮಾತ್ರ ತಾಜಾ ಮಾರಲು ಬಿಡುತ್ತದೆ. ಹುಡುಕಲು ನಾಯಿಯನ್ನೇ ಬಳಸಬೇಕು ಎನ್ನುವುದೂ ಅದೇ ಕಾನೂನು. ಹಂದಿಯ ಕಾಲ ಅಲ್ಲಿ ಮುಗಿಯಿತು. ಹಂದಿ ನೆಲವನ್ನು ಬಗೆದು ಹಾಕುತ್ತದೆ, ಸಿಕ್ಕಿದ್ದನ್ನು ತಾನೇ ನುಂಗುತ್ತದೆ.

ರಾಜನ ಪಟ್ಟ ಟ್ಯೂಬರ್ ಮ್ಯಾಗ್ನಾಟಮ್‌ಗೆ, ಅಂದರೆ ಇಟಲಿಯ ಆಲ್ಬಾ ಊರಿನ ಹೆಸರಲ್ಲಿ ಮಾರಾಟವಾಗುವ ಬಿಳಿ ಟ್ರಫಲ್‌ಗೆ. ಇದು ಶರತ್ಕಾಲದ್ದು, ಕಾಡಿನದ್ದು, ಕ್ರೊಯೇಷಿಯಾದ ಇಸ್ಟ್ರಿಯಾದಲ್ಲೂ ಸಿಗುತ್ತದೆ. ಅಲ್ಲಿನ ಒಬ್ಬರು 1999ರಲ್ಲಿ 1.31 ಕಿಲೋ ತೂಗುವ ಗಡ್ಡೆ ಅಗೆದು ಗಿನ್ನೆಸ್ ಪುಸ್ತಕ ಸೇರಿದರು. ಇದನ್ನು ಒಲೆಯ ಹತ್ತಿರ ತರಲೇಬಾರದು. ಮೊಟ್ಟೆಯ ಹಳದಿ ಸುರಿದು ಮಾಡಿದ ತಯಾರಿನ್ ಎಂಬ ಎಳೆ ಪಾಸ್ತಾವನ್ನು ಬೆಣ್ಣೆಯಲ್ಲಿ ಹೊರಳಿಸಿ ತಟ್ಟೆಗೆ ಹಾಕಿದ ಮೇಲೆ, ಮೇಜಿನ ಬಳಿಯೇ ಹಸಿಯಾಗಿ ಹೆರೆಯುತ್ತಾರೆ. ಒಬ್ಬರಿಗೆ ಐದರಿಂದ ಹತ್ತು ಗ್ರಾಂ.

ಅಡುಗೆಮನೆಗೆ ಒಗ್ಗುವುದು ಚಳಿಗಾಲದ ಕಪ್ಪು, ಟ್ಯೂಬರ್ ಮೆಲನೋಸ್ಪೋರಮ್. ಪೆರಿಗಾರ್ಡ್ ಎಂಬ ಫ್ರೆಂಚ್ ಸೀಮೆಯ ಹೆಸರು ಅಂಟಿಕೊಂಡಿದ್ದರೂ ಈಗ ಇದರ ದೊಡ್ಡ ತೋಟಗಳು ಸ್ಪೇನಿನ ಸಾರಿಯೋನ್ ಸುತ್ತ ಇವೆ. ಪಶ್ಚಿಮ ಆಸ್ಟ್ರೇಲಿಯದ ಮಂಜಿಮಪ್‌ನಲ್ಲೂ ಬೆಳೆಯುತ್ತಾರೆ. ಅಲ್ಲಿನ ಚಳಿಗಾಲ ನಮ್ಮ ಮಳೆಗಾಲವಾದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ತಾಜಾ ಗಡ್ಡೆ ಅಲ್ಲಿಂದ ಬರುತ್ತದೆ. ಆಗಸ್ಟಿನಲ್ಲಿ ಯಾರಾದರೂ ‘ತಾಜಾ ಫ್ರೆಂಚ್ ಪೆರಿಗಾರ್ಡ್’ ಎಂದರೆ ಕ್ಯಾಲೆಂಡರ್ ತೋರಿಸಿದರೆ ಸಾಕು.

ಈ ಕಪ್ಪು ಸಣ್ಣ ಬಿಸಿಯನ್ನು ತಡೆದುಕೊಳ್ಳುತ್ತದೆ, ಮುಚ್ಚಳ ಬಿಗಿಯಾಗಿದ್ದರೆ ಇನ್ನೂ ಚೆನ್ನ. 1975ರಲ್ಲಿ ಫ್ರಾನ್ಸ್ ಅಧ್ಯಕ್ಷರ ಅರಮನೆಯಲ್ಲಿ ಬಾಣಸಿಗ ಪಾಲ್ ಬೊಕ್ಯೂಸ್ ಬಡಿಸಿದ ಸೂಪಿನ ಗುಟ್ಟು ಅದೇ: ಬಟ್ಟಲಿನ ಬಾಯಿಗೆ ಹಿಟ್ಟಿನ ಹಾಳೆ ಮುಚ್ಚಿ ಬೇಯಿಸಿದ. ಅತಿಥಿ ಚಮಚದಿಂದ ಒಡೆಯುವತನಕ ಟ್ರಫಲ್‌ನ ಉಗಿ ಒಳಗೇ ಕಾದಿರುತ್ತಿತ್ತು. ಮನೆಯಲ್ಲಾದರೆ ಇಷ್ಟು ಸಾಹಸ ಬೇಡ. ಗಡ್ಡೆಯನ್ನು ಒಣ ಟಿಶ್ಯೂನಲ್ಲಿ ಸುತ್ತಿ, ನಾಲ್ಕು ಮೊಟ್ಟೆಗಳ ಜೊತೆ ಗಾಜಿನ ಡಬ್ಬಿಯಲ್ಲಿ ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಪರಿಮಳ ಚಿಪ್ಪಿನ ರಂಧ್ರಗಳಿಂದ ಇಳಿದು ಹಳದಿಯ ಕೊಬ್ಬಿನಲ್ಲಿ ಕೂರುತ್ತದೆ. ಟ್ರಫಲ್ ಇನ್ನೂ ಮುಟ್ಟಿಲ್ಲ, ಆಮ್ಲೆಟ್ ಆಗಲೇ ಘಮಘಮ. ಅಕ್ಕಿಯಲ್ಲಿ ಹುದುಗಿಸುವ ಹಳೆಯ ಸಲಹೆ ಮಾತ್ರ ತಪ್ಪು. ಅಕ್ಕಿ ನೀರು ಹೀರಿ ಗಡ್ಡೆಯನ್ನು ಸೊರಗಿಸುತ್ತದೆ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುವ ನಾಡಿನವರಿಗೆ ಗಂಧಕದ ಘಾಟು ಹೊಸದೇನಲ್ಲ. ಇಂಗಿನ ಹಾಗೆ ಟ್ರಫಲ್‌ಗೂ ಜಿಡ್ಡು ಬೇಕು. ಬೆಣ್ಣೆಯಷ್ಟೇ ಸಲೀಸಾಗಿ ತುಪ್ಪವೂ ನಡೆಯುತ್ತದೆ. ಆದರೆ ಕಾದ ಒಗ್ಗರಣೆಯಲ್ಲಿ ಇಂಗು ಅರಳುತ್ತದೆ, ಟ್ರಫಲ್ ಸಾಯುತ್ತದೆ. ಸಾರಿನ ಪುಡಿ, ಹುಣಸೆ, ಹಸಿಮೆಣಸಿನ ನಡುವೆಯೂ ಅದರ ದನಿ ಕೇಳಿಸದು. ಬಿಸಿ ಅನ್ನ, ತುಪ್ಪ, ಉಪ್ಪು, ಮೇಲೆ ಹೆರೆದ ಕಪ್ಪು ಟ್ರಫಲ್: ಈ ಪ್ರಯೋಗ ಮಾಡುವ ಧೈರ್ಯವಂತರು ಸಾರನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಲಿ.

ಅಗ್ಗದಲ್ಲಿ ಬೇಸಿಗೆಯ ಟ್ಯೂಬರ್ ಎಸ್ಟಿವಮ್ ಇದೆ, ಮೆದು ವಾಸನೆಯ ಸಾಧು ಗಡ್ಡೆ. ಹಾಗೆಂದೇ ಹೇಳಿ ಮಾರಿದರೆ ಅದರಲ್ಲಿ ದೋಷವಿಲ್ಲ. ಮೋಸದ ಸರಕಾಗಿ ಹೆಸರು ಕೆಡಿಸಿಕೊಂಡದ್ದು ‘ಚೀನೀ ಟ್ರಫಲ್’. ಹೊರನೋಟಕ್ಕೆ ಚಳಿಗಾಲದ ಕಪ್ಪಿನ ಅವಳಿ, ಪರಿಮಳದಲ್ಲಿ ಬಡಪಾಯಿ. ವಿಚಿತ್ರವೆಂದರೆ ಅದರ ಲ್ಯಾಟಿನ್ ಹೆಸರು ಟ್ಯೂಬರ್ ಇಂಡಿಕಮ್. 1892ರಲ್ಲಿ ಅದನ್ನು ಮೊದಲು ವಿವರಿಸಿದ್ದು ಹಿಮಾಲಯದ ಮಸ್ಸೂರಿಯಲ್ಲಿ ಸಿಕ್ಕ ಮಾದರಿಯಿಂದ. ಭಾರತದ ಹೆಸರು ಹೊತ್ತ ಗಡ್ಡೆ ಚೀನಾದ ಕಳಂಕ ಹೊತ್ತು ಯುರೋಪಿನಲ್ಲಿ ಕಳ್ಳದಾರಿ ಹಿಡಿದಿದೆ.

ಅದನ್ನು ಹಿಡಿಯಲೂ ಗಡ್ಡೆ ಮಾಗಿದೆಯೇ ಎಂದು ತಿಳಿಯಲೂ ಫ್ರಾನ್ಸಿನ ಸಂತೆಗಳಲ್ಲಿ ಚಾಕುವಿನ ತುದಿಯಿಂದ ಗಡ್ಡೆಯ ಸಿಪ್ಪೆ ಕೆರೆದು ನೋಡುತ್ತಾರೆ. ಮಾಗಿದ ಮೆಲನೋಸ್ಪೋರಮ್ ಒಳಗೆ ನೇರಳೆಗಪ್ಪು, ಮೇಲೆ ಸಪೂರ ಬಿಳಿ ಗೆರೆಗಳು. ಬೆಳ್ಳಗಿದ್ದರೆ ಎಳಸು.

ಕರಾವಳಿಯವರಿಗೂ ಈ ಪರೀಕ್ಷೆ ಗೊತ್ತು, ತಿರುವುಮುರುವಾಗಿ. ಮೊದಲ ಮಳೆ ಗುಡುಗಿದ ಮೇಲೆ ಬೋಗಿ, ಧೂಪದಂಥ ಮರಗಳ ಬುಡದಲ್ಲಿ ಏಳುವ ಕಲ್ಲಣಬೆ ನಿಜವಾದ ಟ್ರಫಲ್ ಅಲ್ಲ, ಆಸ್ಟ್ರಿಯಸ್ ಎಂಬ ಬೇರೆಯದೇ ಕುಲದ್ದು. ಆದರೆ ಅದೂ ಮರದ ಬೇರಿನ ಸಂಗಾತಿ, ಅದಕ್ಕೂ ಕೆಲವೇ ವಾರಗಳ ಆಯಸ್ಸು, ಸೀಸನ್ನಿನ ಆರಂಭದಲ್ಲಿ ಅದರ ಬೆಲೆಯೂ ಕೇಳುವಂತಿಲ್ಲ. ಮಂಗಳೂರಿನ ಕಡೆ ಜೂನ್ ತಿಂಗಳಲ್ಲಿ ಅದನ್ನು ಕೊಳ್ಳುವ ಅನುಭವಸ್ಥರು ರಾಶಿಯಿಂದ ಒಂದನ್ನು ಎತ್ತಿ ಉಗುರಿನಿಂದ ಸೀಳುತ್ತಾರೆ. ಒಳಗೆ ಬೆಳ್ಳಗಿದ್ದರೆ ಸುಕ್ಕಕ್ಕೆ ತೆಂಗಿನಕಾಯಿ ತುರಿಯಲು ಮನೆಗೆ ಫೋನು ಹೋಗುತ್ತದೆ. ಕಪ್ಪಾಗಿದ್ದರೆ ಪಕ್ಕದ ಬುಟ್ಟಿಯತ್ತ ನಡೆಯುತ್ತಾರೆ.