ಸ್ವಂತ ಮನೆಯೋ, ಬಾಡಿಗೆಯ ಮನೆಯೋ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಎಚ್ಚರಿಕೆಗಾಗಿ ಹೇಳಿದರು. ನಾವಾದರೋ ಅದನ್ನು ಆಜ್ಞೆಯೆಂದೇ ತಿಳಿದಂತಿದೆ. 1961ರ ಜನಗಣತಿಯ ಕಾಲಕ್ಕೆ ಭಾರತದ ಪಟ್ಟಣಗಳಲ್ಲಿ ನೂರಕ್ಕೆ ಸುಮಾರು 54 ಸಂಸಾರಗಳು ಬಾಡಿಗೆಯ ಮನೆಗಳಲ್ಲಿದ್ದವು. 2011ರಲ್ಲಿ ಈ ಸಂಖ್ಯೆಯು ಸುಮಾರು 28ಕ್ಕೆ ಇಳಿಯಿತು.

ಇದಕ್ಕೆ ಎರಡು ಕಾರಣಗಳು ಮುಖ್ಯವಾದುವು. ಮನೆಗೆಂದು ಸಾಲ ದೊರೆಯುವುದು ಸುಲಭವಾಯಿತು. ಬಾಡಿಗೆ ನಿಯಂತ್ರಣದ ಕಾಯಿದೆಗಳಿಂದ ಬಾಡಿಗೆಯನ್ನೇರಿಸುವುದೂ ಮನೆ ಬಿಡಿಸುವುದೂ ಕಷ್ಟವಾದುದರಿಂದ, ಉಳ್ಳವರು ಮನೆಯನ್ನು ಬಾಡಿಗೆಗೆ ಕೊಡಲು ಅಂಜಿದರು. 2011ರಲ್ಲಿ ಪಟ್ಟಣಗಳಲ್ಲಿಯೇ ಸುಮಾರು 1 ಕೋಟಿ 10 ಲಕ್ಷ ಮನೆಗಳು ಬರಿದಾಗಿದ್ದುವೆಂಬುದನ್ನು ನೆನೆದರೆ ವ್ಯಥೆಯಾಗುತ್ತದೆ.

ಬಾಡಿಗೆ ತೆರುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎನ್ನುವ ಗೃಹಸ್ಥರು ಒಂದು ಲೆಕ್ಕವನ್ನು ನೋಡಬೇಕು. ಶೇಕಡಾ 9ರ ವಾರ್ಷಿಕ ಬಡ್ಡಿಗೆ 30 ಲಕ್ಷ ರೂಪಾಯಿ ಸಾಲ ತಂದು 20 ವರ್ಷ ತೀರಿಸಿದರೆ, ತಿಂಗಳ ಕಂತು ಸುಮಾರು 27,000 ರೂಪಾಯಿ. ಒಟ್ಟು ಸುಮಾರು 65 ಲಕ್ಷ. ಅಸಲಿಗಿಂತ ಬಡ್ಡಿಯೇ ಹೆಚ್ಚು! ಬಡ್ಡಿಯೆಂದರೆ ಹಣಕ್ಕೆ ತೆರುವ ಬಾಡಿಗೆಯಲ್ಲವೆ?

ಸ್ವಂತ ಮನೆ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಮುಪ್ಪಿನಲ್ಲಿ “ಮನೆ ಖಾಲಿ ಮಾಡಿ” ಎಂಬ ಮಾತನ್ನು ಕೇಳಬೇಕಾದವರ ಸಂಕಟವನ್ನು ಬಲ್ಲೆವು. ಆದರೆ ಊರಿಂದೂರಿಗೆ ವರ್ಗವಾಗುವವರೂ, ಕಂತಿಗಾಗಿ ಮಕ್ಕಳ ವಿದ್ಯೆಗೂ ಮನೆಯವರ ಔಷಧಕ್ಕೂ ಕೈ ಬಿಗಿಹಿಡಿಯಬೇಕಾದವರೂ ಅವಸರಪಡಬಾರದು. ಬಾಡಿಗೆಗೂ ಕಂತಿಗೂ ಇರುವ ಅಂತರವನ್ನು ತಿಂಗಳು ತಿಂಗಳೂ ತಪ್ಪದೆ ಕೂಡಿಡಬಲ್ಲವರಿಗೆ ಬಾಡಿಗೆಯ ಮನೆಯಿಂದ ನಷ್ಟವಿಲ್ಲ. ಕೂಡಿಡಲಾರದವರಿಗೆ ಕಂತೇ ಒಳ್ಳೆಯ ಗುರು. ತಾವು ಯಾವ ಬಗೆಯವರೆಂಬುದನ್ನು ದಂಪತಿಗಳು ಒಟ್ಟಿಗೆ ಕುಳಿತು ಮೊದಲು ನಿಶ್ಚಯಿಸಿಕೊಳ್ಳಲಿ.