ಬೇಡ ಅನ್ನುವುದಾದರೆ ಬರೆದುಕೊಡಿ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಊರುಗಳಲ್ಲಿ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. ಒಂದು ವೇದಿಕೆಯ ಮಾತು: "ಹಂದಿ, ಚಿಗರಿ ಕಾಟಕ್ಕ ರೈತರಿಗೆ ಬಂದೂಕಿನ ಲೈಸೆನ್ಸ್ ಸರಳ ಮಾಡಸ್ತೀವಿ." ಇನ್ನೊಂದು ಠಾಣೆಯ ಮಾತು: "ಇದ್ದ ಬಂದೂಕ ತಂದು ಠೇವಣಿ ಇಡ್ರಿ."

ಮೊದಲನೆಯದು ಪೊಳ್ಳು ಮಾತು. ಎರಡನೆಯದು ಬಹಳ ಸಲ ಸೋಮಾರಿತನದ ಮಾತು. ಎರಡಕ್ಕೂ ಒಂದೇ ರೋಗ. ನಮ್ಮನ್ನು ಆಳುವವರು ಹೌದು ಅನ್ನುವುದಿಲ್ಲ, ಬೇಡ ಅಂತ ಬರೆದೂ ಕೊಡುವುದಿಲ್ಲ. ಕಡತದ ಮೇಲೆ ಸುಮ್ಮನೆ ಕೂತುಬಿಡುತ್ತಾರೆ. ಠಾಣೆಯ ಮೇಜಿನಿಂದ ರಾಜಭವನದ ಮೇಜಿನವರೆಗೆ ಈ ರೋಗ ಹಬ್ಬಿದೆ. ಬೇಡ ಅನ್ನುವ ಅಧಿಕಾರ ಯಾರಿಗಾದರೂ ಇರಲಿ, ನಮ್ಮ ತಕರಾರಿಲ್ಲ. ಸುಮ್ಮನೆ ಕೂರುವ ಅಧಿಕಾರ ಮಾತ್ರ ಯಾರಿಗೂ ಇರಬಾರದು.

ವೇದಿಕೆಯ ಮಾತು ಯಾಕೆ ಪೊಳ್ಳು?

ಸಂವಿಧಾನದಲ್ಲಿ ಅಧಿಕಾರ ಹಂಚುವ ಮೂರು ಪಟ್ಟಿಗಳಿವೆ. ಆಯುಧ, ಬಂದೂಕು, ಮದ್ದುಗುಂಡು ಕೇಂದ್ರದ ಪಟ್ಟಿಯಲ್ಲಿ 5ನೇ ವಿಷಯ. ಅಂದರೆ ಬಂದೂಕಿನ ಕಾನೂನು ಮಾಡುವುದು ಸಂಸತ್ತು. ಈಗ ನಡೆಯುತ್ತಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ನಮ್ಮ ವಿಧಾನಸಭೆಯ 224 ಶಾಸಕರೂ ಒಂದೇ ದಿನ ಕೈ ಎತ್ತಿದರೂ ಈ ಕಾಯ್ದೆಯ ಒಂದು ಸಾಲು ಬದಲಾಗುವುದಿಲ್ಲ.

ಕೊಡಗಿನವರನ್ನೇ ನೋಡಿ. ಕೊಡವ ಜನಾಂಗದವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು ಅದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದು ದಿಲ್ಲಿಯ ಗೃಹ ಸಚಿವಾಲಯ, ಬೆಂಗಳೂರಲ್ಲ. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡಗಿಗೆ ಕೊಡುವುದೂ ದಿಲ್ಲಿ, ಧಾರವಾಡಕ್ಕೆ ಕೊಡದಿರುವುದೂ ದಿಲ್ಲಿ. ಹಾಗಿದ್ದಾಗ ಶಾಸಕರಾಗುವವರು ವೇದಿಕೆ ಮೇಲೆ ನಿಂತು ಬಂದೂಕಿನ ಕಾನೂನು ಬದಲಿಸುವ ಮಾತು ಕೊಟ್ಟರೆ, ಮಂದಿಯ ಹೊಲವನ್ನು ಲಾವಣಿಗೆ ಕೊಟ್ಟ ಹಾಗೆ.

ಬಂದೂಕು ಸಿಕ್ಕರೂ ಹೊಡೆಯುವ ಹಾಗಿಲ್ಲ

ಇದನ್ನು ಯಾವ ವೇದಿಕೆಯಲ್ಲೂ ಹೇಳುವುದಿಲ್ಲ. ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿಯನ್ನು ಹೊಡೆಯುವ ಅನುಮತಿ ಬೇರೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳಲ್ಲಿ ಹೆಸರು, ಕಡಲೆ ಚಿಗುರಿದ ಕೂಡಲೇ ಚಿಗರಿ ಹಿಂಡು ಇಳಿಯುತ್ತದೆ. ಚಿಗರಿ ಅಂದರೆ ಕೃಷ್ಣಮೃಗ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ ಅದಿದೆ. ಬೆಳೆ ತಿಂದಿತು ಎಂಬ ಕಾರಣಕ್ಕೆ ಅದನ್ನು ಹೊಡೆಯಲು ಯಾವ ಅಧಿಕಾರಿಯೂ ಅನುಮತಿ ಕೊಡುವ ಹಾಗಿಲ್ಲ. ಹೊಡೆದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಚಿಗರಿ ಕಾಟಕ್ಕೆ ಬಂದೂಕಿನ ಭರವಸೆ ಕೊಡುವವರು ನಿಮ್ಮನ್ನು ಜೈಲಿನ ದಾರಿಗೆ ಹಚ್ಚುತ್ತಿದ್ದಾರೆ.

ಕಲಘಟಗಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಕಾಡಂಚಿನ ಗೋವಿನಜೋಳ, ಕಬ್ಬು, ಭತ್ತಕ್ಕೆ ಕಾಡುಹಂದಿ ಬೀಳುತ್ತದೆ. ಹಂದಿ ಇರುವುದು ಎರಡನೇ ಪಟ್ಟಿಯಲ್ಲಿ. ನಿಂತ ಬೆಳೆಗೆ ಅಪಾಯ ಅನಿಸಿದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಹೊಡೆಯಲು ಅನುಮತಿ ಕೊಡಬಹುದು. ಕಾಯ್ದೆಯ 11ನೇ ಕಲಮು ಹೀಗೆ ಹೇಳುತ್ತದೆ. ಈ ಅಧಿಕಾರಿಗಳು ರಾಜ್ಯ ಸರ್ಕಾರದ ನೌಕರರು. ಅವರಿಂದ ಕೆಲಸ ಮಾಡಿಸಲು ಹೊಸ ಕಾನೂನು ಬೇಡ, ದಿಲ್ಲಿಯೂ ಬೇಡ. ಆದರೆ ಭಾಷಣದಲ್ಲಿ ಈ ಕಲಮಿನ ಹೆಸರು ಬರುವುದೇ ಇಲ್ಲ. ಯಾಕೆಂದರೆ ಇದನ್ನು ಹೇಳಿದರೆ ಮಾಡಿಸಬೇಕಾಗುತ್ತದೆ.

ರಾಜ್ಯವೇ ಕಾನೂನು ಮಾಡಿದರೆ?

ವನ್ಯಜೀವಿ ರಕ್ಷಣೆ ಕೇಂದ್ರಕ್ಕೂ ರಾಜ್ಯಕ್ಕೂ ಕೂಡಿದ ವಿಷಯ. ಹಾಗಾಗಿ ಕೇರಳ ಒಂದು ದಾರಿ ಹಿಡಿಯಿತು. ಜನರ ಮೇಲೆ ಬೀಳುವ ಪ್ರಾಣಿಗಳ ವಿಷಯದಲ್ಲಿ ರಾಜ್ಯವೇ ಬೇಗ ನಿರ್ಧಾರ ಮಾಡುವಂತೆ, 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ವಿಧಾನಸಭೆ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಮಸೂದೆ ಪಾಸು ಮಾಡಿತು. ಆದರೆ ಕೇಂದ್ರದ ಕಾಯ್ದೆಗೆ ಎದುರಾಗುವ ರಾಜ್ಯದ ಕಾನೂನು ನಿಲ್ಲಬೇಕಾದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು. ಅಲ್ಲಿಗೆ ಹೋಗುವ ದಾರಿ ರಾಜಭವನದ ಮೂಲಕವೇ.

ರಾಜಭವನದಲ್ಲಿ ಏನಾಗಬಹುದು ಎಂಬುದಕ್ಕೆ ತಮಿಳುನಾಡಿನ ಉದಾಹರಣೆ ಸಾಕು. ಅಲ್ಲಿನ ವಿಧಾನಸಭೆ ಪಾಸು ಮಾಡಿದ ಹತ್ತು ಮಸೂದೆಗಳು ರಾಜ್ಯಪಾಲರ ಹತ್ತಿರ ಬಿದ್ದಿದ್ದವು. ಕೆಲವು 2020ರಿಂದಲೇ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2023ರ ನವೆಂಬರ್‌ನಲ್ಲಿ ಅವು ವಾಪಸ್ ಬಂದವು. ನವೆಂಬರ್ 18ಕ್ಕೆ ವಿಶೇಷ ಅಧಿವೇಶನ ಕರೆದು ಹತ್ತನ್ನೂ ಮತ್ತೆ ಪಾಸು ಮಾಡಿದರು.

ಸಂವಿಧಾನದ 200ನೇ ವಿಧಿ ಇಲ್ಲಿ ಸ್ಪಷ್ಟವಾಗಿದೆ. ರಾಜ್ಯಪಾಲರು ಮಸೂದೆಯನ್ನು ಒಮ್ಮೆ ತಿರುಗಿ ಕಳಿಸಬಹುದು. ಸದನ ಮತ್ತೆ ಪಾಸು ಮಾಡಿ ಕಳಿಸಿದರೆ ಒಪ್ಪಿಗೆಯನ್ನು ತಡೆಹಿಡಿಯುವ ಹಾಗಿಲ್ಲ. ಅದಕ್ಕೆ ಮೂರನೇ ಎರಡರಷ್ಟು ಮತವೂ ಬೇಡ, ಸಾಮಾನ್ಯ ಬಹುಮತ ಸಾಕು. ಆದರೂ ತಮಿಳುನಾಡಿನ ರಾಜ್ಯಪಾಲರು ಆ ಹತ್ತನ್ನೂ ರಾಷ್ಟ್ರಪತಿಗಳಿಗೆ ಕಳಿಸಿಬಿಟ್ಟರು.

2025ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಆ ಮಸೂದೆಗಳಿಗೆ ಒಪ್ಪಿಗೆ ಸಿಕ್ಕ ಹಾಗೆಯೇ ಎಂದಿತು, ರಾಜ್ಯಪಾಲರಿಗೆ ಗಡುವನ್ನೂ ಹಾಕಿತು. ಅದೇ ವರ್ಷ ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳ ಪೀಠ, ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ಬೇರೆ ಮಾತು ಹೇಳಿತು. ಕೋರ್ಟು ಗಡುವು ಹಾಕುವ ಹಾಗಿಲ್ಲ, ತಾನಾಗಿಯೇ ಒಪ್ಪಿಗೆ ಸಿಕ್ಕಿತು ಎನ್ನುವ ಹಾಗೂ ಇಲ್ಲ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಸದನಕ್ಕೆ ತಿರುಗಿ ಕಳಿಸದೆ ಮಸೂದೆಯನ್ನು ಸುಮ್ಮನೆ ತಡೆಹಿಡಿಯುವಂತಿಲ್ಲ, ಕಾರಣ ಹೇಳದೆ ಬಹಳ ಕಾಲ ಸುಮ್ಮನಿದ್ದರೆ ನಿರ್ಧಾರ ಮಾಡಿ ಎಂದು ಕೋರ್ಟು ಹೇಳಬಹುದು.

ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ, ಕೂರಬೇಡಿ ಅಂತ ಹೇಳಿದ್ದಾರೆ, ಯಾವಾಗ ಏಳಬೇಕು ಅಂತ ಹೇಳಿಲ್ಲ. ನಮ್ಮ ಸಿಟ್ಟು ಇಲ್ಲಿದೆ. ನಾವು ಬೆಳೆವಿಮೆ ಕಂತು ಕಟ್ಟಲು ಒಂದು ದಿನ ತಡ ಮಾಡಿದರೆ ವಿಮೆ ಇಲ್ಲ. ಕೋಟಿಗಟ್ಟಲೆ ಜನ ಆರಿಸಿದ ಸದನದ ಕಾಗದಕ್ಕೆ ಮಾತ್ರ ಗಡುವಿಲ್ಲ.

ಬರೆದು ಬೇಡ ಅಂದರೆ ಕೆಲಸ ಆಗುತ್ತದೆ

ಇದು ಆಗದ ಮಾತಲ್ಲ. ನಮ್ಮ ರಾಜ್ಯದಲ್ಲೇ ಆಗಿದೆ. ಮೈಕ್ರೋಫೈನಾನ್ಸ್ ವಸೂಲಿಯವರ ಕಿರುಕುಳ ತಡೆಯಲು ಸರ್ಕಾರ ತಂದ ಸುಗ್ರೀವಾಜ್ಞೆಯನ್ನು 2025ರ ಫೆಬ್ರವರಿ 7ರಂದು ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ವಾಪಸ್ ಕಳಿಸಿದರು. 10 ವರ್ಷ ಜೈಲು, 5 ಲಕ್ಷ ರೂಪಾಯಿ ದಂಡ ಅತಿಯಾಯಿತು ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಸರ್ಕಾರ ಉತ್ತರ ಕೊಟ್ಟು ಮತ್ತೆ ಕಳಿಸಿತು. ಫೆಬ್ರವರಿ 12ಕ್ಕೆ ಸಹಿ ಬಿತ್ತು. ಐದು ದಿನ. ಸುಗ್ರೀವಾಜ್ಞೆಯ ನಿಯಮ ಬೇರೆ, ಮಸೂದೆಯ ನಿಯಮ ಬೇರೆ ಎಂಬುದು ಗೊತ್ತು. ಆದರೆ ಆಕ್ಷೇಪ ಕಾಗದದ ಮೇಲೆ ಬಂತು, ಉತ್ತರ ಹೋಯಿತು, ಕೆಲಸ ಮುಗಿಯಿತು. ರಾಜ್ಯಪಾಲರು ಬೇಡ ಅಂದದ್ದರಿಂದ ಯಾರ ಮನೆಯೂ ಮುಳುಗಲಿಲ್ಲ.

ಅಮೆರಿಕದಲ್ಲಿ ಇದು ಇನ್ನೂ ಖಡಕ್. ಅಲ್ಲಿ ಬಂದೂಕಿನ ಕಾನೂನನ್ನು ರಾಜ್ಯಗಳೂ ಮಾಡುತ್ತವೆ. ನಾರ್ತ್ ಕ್ಯಾರೊಲಿನಾದಲ್ಲಿ ಪಿಸ್ತೂಲು ಕೊಳ್ಳಲು ಶೆರಿಫ್ ಎಂಬ ಸ್ಥಳೀಯ ಪೊಲೀಸ್ ಅಧಿಕಾರಿಯ ಪರವಾನಗಿ ಬೇಕಿತ್ತು. ಅದನ್ನು ರದ್ದು ಮಾಡುವ ಮಸೂದೆಗೆ ಗವರ್ನರ್ ರಾಯ್ ಕೂಪರ್ 2023ರ ಮಾರ್ಚ್‌ನಲ್ಲಿ ವೀಟೊ ಹಾಕಿದರು. ಸದನಗಳು ವಾರದೊಳಗೆ ಮತ್ತೆ ಸೇರಿ, ಐದನೇ ಮೂರರಷ್ಟು ಮತದಿಂದ ವೀಟೊ ತಳ್ಳಿಹಾಕಿದವು. ಯಾರು ಬೇಡ ಅಂದರು, ಯಾಕೆ ಅಂದರು, ಯಾರು ಕೈ ಎತ್ತಿದರು, ಎಲ್ಲವೂ ದಾಖಲೆಯಲ್ಲಿದೆ.

ಹಾಗಂತ ಅಮೆರಿಕದ ಬಂದೂಕು ನಮಗೆ ಬೇಡ. ವೀಟೊ ಪೂರ್ತಿ ಬಿದ್ದದ್ದು ಮಾರ್ಚ್ 29ರಂದು. ಅದಕ್ಕೆ ಎರಡೇ ದಿನ ಮೊದಲು, ಇನ್ನೊಂದು ರಾಜ್ಯದ ನ್ಯಾಶ್ವಿಲ್ ಊರಿನ ಶಾಲೆಯಲ್ಲಿ ಮೂರು ಮಕ್ಕಳೂ ಮೂವರು ದೊಡ್ಡವರೂ ಗುಂಡಿಗೆ ಬಲಿಯಾಗಿದ್ದರು. ಆದರೂ ಕೈ ಎತ್ತಿದವರ ಕೈ ನಡುಗಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅಲ್ಲಿ ಗವರ್ನರ್ ಹೇಳಿದ್ದೇ ಸರಿ. ಆದರೆ ಸೋತ ಗವರ್ನರ್ ಕೂಡ ಕಾರಣ ಬರೆದಿಟ್ಟು ಸೋತರು. ಅಲ್ಲಿಂದ ನಾವು ಕಲಿಯಬೇಕಾದದ್ದು ಇಷ್ಟೇ.

ನಮಗೆ ಬಂದೂಕಿನ ಮೋಹವಿಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಹುಕುಂ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ತಿರುಗಿಬಿದ್ದರು. ಬ್ರಿಟಿಷರು ಊರು ಸುಟ್ಟು, ಹಿಡಿದವರನ್ನು ಗಲ್ಲಿಗೇರಿಸಿದರು. ಅವರ ಸಿಟ್ಟು ತಮ್ಮನ್ನು ಕೇಳದೆ ಬಂದ ಹುಕುಮಿನ ಮೇಲಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಅವತ್ತು ಬಂದೂಕು ಯಾರ ಕಡೆ ತಿರುಗಿತ್ತು ಎಂಬುದನ್ನು ನಮ್ಮ ಊರುಗಳು ಮರೆತಿಲ್ಲ. ಪ್ರತಿವರ್ಷ ಆ ದಿನ ಹುತಾತ್ಮರಿಗೆ ಹೂವು ಹಾಕುತ್ತೇವೆ. ಊರ ತುಂಬ ಬಂದೂಕು ಬೇಕು ಅನ್ನುವವರು ನಾವಲ್ಲ.

ಆದರೆ ಸುಮ್ಮನೆ ಕೂತ ಕಡತವೂ ಜೀವ ತೆಗೆಯುತ್ತದೆ. ಅರ್ಜಿಗೆ ಉತ್ತರ ಬರದಿದ್ದಾಗ ಯಾರೋ ಒಬ್ಬ ಬೇಲಿಗೆ ಕರೆಂಟು ಹಚ್ಚುತ್ತಾನೆ, ಇನ್ನೊಬ್ಬ ಸಿಡಿಮದ್ದಿನ ಉಂಡೆ ಇಡುತ್ತಾನೆ. ಹಂದಿ ತಪ್ಪಿಸಿಕೊಳ್ಳುತ್ತದೆ, ರಾತ್ರಿ ನೀರು ಹಾಯಿಸಲು ಹೋದ ಆಳು ಸಾಯುತ್ತಾನೆ, ಮೇಯಲು ಹೋದ ಆಕಳ ಬಾಯಿ ಸಿಡಿಯುತ್ತದೆ. ಕೇಸು ಬೀಳುವುದು ರೈತನ ಮೇಲೆ. ಕಡತದ ಮೇಲೆ ಕೂತವರ ಮೇಲೆ ಯಾವ ಕೇಸೂ ಇಲ್ಲ.

ಠಾಣೆಯಲ್ಲಿ, ಕಚೇರಿಯಲ್ಲಿ ಏನು ಕೇಳಬೇಕು?

ಕಾನೂನು ನಾವು ತಿಳಿದದ್ದಕ್ಕಿಂತ ರೈತನ ಕಡೆ ಇದೆ. ಬೆಳೆ ಕಾಯಲು ಮದ್ದು ತುಂಬುವ ನಾಡಬಂದೂಕಿಗೆ ಲೈಸೆನ್ಸ್ ಕೊಡುವ ಮಾತು ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲೇ ಇದೆ. 14ನೇ ಕಲಮಿನ ಪ್ರಕಾರ, ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವ ಹಾಗಿಲ್ಲ. ಎರಡು ಎಕರೆಯವನಿಗೆ "ನಿನಗ್ಯಾಕೋ ಬಂದೂಕು" ಅನ್ನುವ ಹಕ್ಕು ಯಾರಿಗೂ ಇಲ್ಲ. ತಿರಸ್ಕರಿಸಿದರೆ ಕಾರಣ ಬರೆದಿಡಬೇಕು. ನೀವು ಕೇಳಿದರೆ ಅದನ್ನು ಚುಟುಕಾಗಿ ಬರೆದುಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಅನಿಸಿದಾಗ ಮಾತ್ರ ಅದಕ್ಕೆ ವಿನಾಯಿತಿ. ಆ ಮೇಲೆ ಮೇಲ್ಮನವಿಗೂ ದಾರಿ ಇದೆ.

ಕಾಯ್ದೆಯಲ್ಲಿ "ಕೇಳಿದರೆ" ಎಂಬ ಮಾತಿದೆ. ಆದ್ದರಿಂದ ಕೇಳಲೇಬೇಕು. ಬಾಯಿಮಾತಿನ "ಆಗೂದಿಲ್ಲ"ಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಚುನಾವಣೆಯ ಠೇವಣಿಯೂ ಹಾಗೆಯೇ. ಯಾರ ಬಂದೂಕು ತರಿಸಬೇಕು ಎಂಬುದನ್ನು ಜಿಲ್ಲಾಧಿಕಾರಿ, ಎಸ್‌ಪಿ ಇರುವ ಪರಿಶೀಲನಾ ಸಮಿತಿ ನೋಡಬೇಕು ಎನ್ನುತ್ತದೆ ಚುನಾವಣಾ ಆಯೋಗದ ಸೂಚನೆ. ಜಾಮೀನಿನ ಮೇಲಿದ್ದವರು, ಅಪರಾಧದ ಹಿನ್ನೆಲೆಯವರು, ಚುನಾವಣೆ ಗಲಭೆಯಲ್ಲಿ ಇದ್ದವರು ಎಂದು ಒಬ್ಬೊಬ್ಬರ ವಿಷಯ ತೂಗಿ ನಿರ್ಧರಿಸಬೇಕು. ಊರಿಗೆಲ್ಲ ಒಂದೇ ಫೋನ್ ಮಾಡಿ "ತಂದಿಡ್ರಿ" ಅಂದರೆ ಅದು ಪರಿಶೀಲನೆ ಆಗುವುದಿಲ್ಲ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಎರಡೂವರೆ ತಿಂಗಳಿಗೂ ಹೆಚ್ಚು. ನೀತಿಸಂಹಿತೆ ಇದೆ ಅಂತ ಹಂದಿ ಕಾಡಿನಲ್ಲಿ ಕೂರುವುದಿಲ್ಲ.

ನಮ್ಮ ಮಾತು ಇಷ್ಟು. ಮುಂದಿನ ಸಲ ನಿಮ್ಮ ಊರಿಗೆ ಮತ ಕೇಳಲು ಬಂದವರಿಗೆ ಬಂದೂಕು ಕೊಡಿ ಅಂತ ಕೇಳಬೇಡಿ. ಅದು ಅವರ ಕೈಯಲ್ಲಿಲ್ಲ. ಅವರ ಕೈಯಲ್ಲಿ ಇರುವುದನ್ನು ಕೇಳಿ. ಹಂದಿಗೆ 11ನೇ ಕಲಮಿನ ಅರ್ಜಿ ಕೊಟ್ಟರೆ ಎಷ್ಟು ದಿನದಲ್ಲಿ ಉತ್ತರ ಬರುವಂತೆ ಮಾಡುತ್ತೀರಿ? ಚಿಗರಿ ತಿಂದ ಬೆಳೆಯ ಪಂಚನಾಮೆಗೆ ಅರಣ್ಯ ಇಲಾಖೆಯವರು ಎಷ್ಟು ದಿನದಲ್ಲಿ ಹೊಲಕ್ಕೆ ಬರುತ್ತಾರೆ? ನೀವು ಪಾಸು ಮಾಡಿದ ಮಸೂದೆ ರಾಜಭವನದಲ್ಲಿ ಕೂತರೆ ಮತ್ತೆ ಸದನ ಸೇರಿ ಕೈ ಎತ್ತುತ್ತೀರೋ, ಇಲ್ಲಾ ಟಿವಿ ಮುಂದೆ ಬೈದು ಸುಮ್ಮನಾಗುತ್ತೀರೋ?

ಉತ್ತರ ಬೇಡ ಎಂದಿದ್ದರೂ ನಡೆದೀತು. ತಾರೀಖು ಹಾಕಿ, ಸಹಿ ಮಾಡಿ, ಬರೆದುಕೊಡಲಿ. ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ.